ತೊಂಬತ್ತಮೂರರಲ್ಲಿ ನಿಂತ ಇನ್‌ಸ್ಟಾಲರ್ ಮಹಾಶಯರಿಗೆ

ಮಾನ್ಯರೇ,

ದಾನ್ಯೂಬ್ ನದಿಯ ದಂಡೆಯ ಒಂದು ಪುಟ್ಟ ಮುದ್ರಣಾಲಯದ ಮಾಲೀಕನೂ, ಗುಮಾಸ್ತನೂ, ತಾವು ‘ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಎಂದಾಗಲೆಲ್ಲ ತನ್ನನ್ನು ತಾನೇ ಸಂಪರ್ಕಿಸಿಕೊಳ್ಳುವವನೂ ಆದ ಸ್ಪಾಸ್ ಗೆರ್ಗಿನೊವ್ ಎಂಬ ನಾನು ತಮಗೆ ಅನೇಕ ನಮಸ್ಕಾರಗಳನ್ನು ಸಲ್ಲಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕಾಗಿ ಕಳೆದ ವಾರ ನಾಲ್ಕು ದಿನ ಎಡೆಬಿಡದೆ ಪ್ರಾರ್ಥಿಸಿದ್ದೇವೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಸಹಾಯವಾಣಿಗೆ ಬರೆದ ಖಾಸಗಿ ಪತ್ರಗಳಿಗೆಲ್ಲ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಅಷ್ಟು ಅಮೂಲ್ಯವಾದದ್ದನ್ನು ಊರಿನವರಿಂದ ಮುಚ್ಚಿಡುವುದು ಸರಿಯಲ್ಲವೆನಿಸಿತು.

ನಮ್ಮ ಕಸುಬು ತಮಗೆ ಗೊತ್ತಿರಲಾರದು. ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ಭಾವಚಿತ್ರವಿರುವ ಶ್ರದ್ಧಾಂಜಲಿ ಹಾಳೆಯನ್ನು ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೇಕರಿಯ ಪಕ್ಕದ ಮರಕ್ಕೆ ಅಂಟಿಸುತ್ತಾರೆ; ನಲವತ್ತನೆಯ ದಿನಕ್ಕೆ ಮತ್ತೊಂದು, ಆರು ತಿಂಗಳಿಗೆ ಇನ್ನೊಂದು, ಆಮೇಲೆ ನೆನೆಯುವವರು ಇರುವಷ್ಟು ಕಾಲ ವರ್ಷಕ್ಕೊಂದು. ಹೀಗೆ ಸೇರಿದ ಹನ್ನೊಂದು ಸಾವಿರ ಮುಖಗಳು ತಮ್ಮ ಡೇಟಾಬೇಸಿನಲ್ಲಿದ್ದವು. ಬ್ಯಾಕಪ್ ಇರಲಿಲ್ಲವೇ ಎಂದು ತಾವು ಕೇಳಬಹುದು. ಇತ್ತು. ಅದೇ ಕಂಪ್ಯೂಟರಿನ ಅದೇ ಫೋಲ್ಡರಿನಲ್ಲಿ, ಯಾರ ಕೈಗೂ, ನಮ್ಮ ಕೈಗೂ ಸಿಗದಷ್ಟು ಭದ್ರವಾಗಿ ಇತ್ತು.

ಮಂಗಳವಾರ ಬೆಳಿಗ್ಗೆ, ಒಂದು ಅಪ್‌ಡೇಟಿನ ನಂತರ, ಡೇಟಾಬೇಸ್ ಸರ್ವರ್ ಏಳಲಿಲ್ಲ. ಅದನ್ನು ತೆಗೆದುಹಾಕಿ ಮತ್ತೆ ಹಾಕಿದರೆ ಸರಿಹೋದೀತೆಂದು ನಾನು ತೆಗೆದುಹಾಕಿದೆ. ಅದೇ ಹೊತ್ತಿಗೆ ತ್ಸೋನ ಅಜ್ಜಿ ಬಂದರು. ಅವರ ಗಂಡ ಮ್ಲಾದೆನ್ ಅಜ್ಜ ತೀರಿಕೊಂಡು ಶನಿವಾರಕ್ಕೆ ನಲವತ್ತು ದಿನ; ಅಲ್ಲಿಯ ತನಕ ಆತ್ಮ ಊರಲ್ಲೇ ಇರುತ್ತದೆಂಬುದು ನಮ್ಮವರ ನಂಬಿಕೆ. ಆ ಮನುಷ್ಯ ಜೀವಮಾನದಲ್ಲಿ ಕ್ಯಾಮೆರಾದ ಮುಂದೆ ನಕ್ಕದ್ದು ಒಂದೇ ಸಲ, ಭಾವಮೈದ ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಸೂಟುಬೂಟಿನ ಸಮೇತ ಬಿದ್ದ ದಿನ. ಆ ಚಿತ್ರದ ಮೂಲಪ್ರತಿಯನ್ನು ಅಜ್ಜಿ ಗಂಡನ ಕೋಟಿನ ಜೇಬಿನಲ್ಲಿಟ್ಟೇ ಮಣ್ಣು ಮಾಡಿಸಿದ್ದರು, ಮೊದಲು ಅಂಟಿಸಿದ ಹಾಳೆಗಳಲ್ಲಿ ಮುಖ ಮಳೆಗೆ ತೊಳೆದುಹೋಗಿತ್ತು. ಗುರುತಿನ ಚೀಟಿಯ ಚಿತ್ರವಾದರೂ ಆದೀತೇ ಎಂದು ನಾನು ಕೇಳಿದೆ. ಅದರಲ್ಲಿ ಅವರು ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆಂದು ಅಜ್ಜಿ ಒಪ್ಪಲಿಲ್ಲ.

“ನಲವತ್ತಕ್ಕೆ ಊರು ಬಿಟ್ಟು ಹೊರಡೋರು. ನಗ್ತಾ ಹೋಗ್ಲಿ ಅಂತ, ಅಷ್ಟೇ” ಎಂದರು.

ಈಗ ತಮ್ಮ ಕಾರ್ಯದಕ್ಷತೆಯನ್ನು ಹೊಗಳಲು ಅಪ್ಪಣೆ ಬೇಕು. ತಾವು ಶೇಕಡಾ ತೊಂಬತ್ತಮೂರರವರೆಗೆ ಸರಸರನೆ ಏರಿದ ವೈಖರಿ ಕಂಡು ನಾನು ಕಾಫಿಗೆ ನೀರಿಟ್ಟೆ. ಅದು ಕುದಿಯುವಷ್ಟರಲ್ಲಿ ತಾವು ಇಳಿದು ಮತ್ತೆ ಸೊನ್ನೆಗೆ ಹೋಗಿದ್ದಿರಿ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ಅನುಭವವನ್ನು ನಮಗೆ ಹದಿನಾಲ್ಕು ಬಾರಿ ದಯಪಾಲಿಸಿದಿರಿ. ಹೊಸದನ್ನು ಹಾಕಲು ಹೋದರೆ ‘ಹಳೆಯದು ಇನ್ನೂ ಇದೆ’ ಎಂದಿರಿ, ಹಳೆಯದನ್ನು ಎಬ್ಬಿಸಲು ಹೋದರೆ ‘ಅಂಥದ್ದು ಯಾವುದೂ ಇಲ್ಲ’ ಎಂದಿರಿ. ಹೀಗೆ ಅಡ್ಡಗೋಡೆಯ ಮೇಲೆ ದೀಪವಿಡುವುದು ನಮ್ಮ ಪುರಸಭೆಯವರಿಗೆ ಮಾತ್ರ ಸಾಧ್ಯವೆಂದು ನಂಬಿದ್ದೆ. ಕಾರಣಕ್ಕಾಗಿ ಲಾಗ್ ಕಡತ ನೋಡಿ ಎಂದಿರಿ. ನೋಡಿದೆ, ನಲವತ್ತೊಂದು ಸಾವಿರ ಸಾಲುಗಳನ್ನು ದಾಟಿ ಕೊನೆಗೆ ಬಂದಾಗ ಅಲ್ಲಿ ‘ಏನೋ ತಪ್ಪಾಗಿದೆ’ ಎಂದಿತ್ತು. ಮುಂದಿನ ಆವೃತ್ತಿಯಲ್ಲಾದರೂ ತಾವು ನೇರವಾಗಿ ತೊಂಬತ್ತಮೂರರಿಂದಲೇ ಆರಂಭಿಸಿ, ಮೊದಲ ಭಾಗವನ್ನು ನಂಬಿಕೆಗೆ ಬಿಡಬೇಕೆಂದು ವಿನಂತಿ. ಉಳಿದ ಏಳು ಎಲ್ಲಿರುತ್ತವೆಂದು ತಿಳಿಸಿದರೆ ನಾನೇ ಹೋಗಿ ಕರೆತರಲು ಸಿದ್ಧ.

ಗುರುವಾರ ತಮ್ಮ ಸಹಾಯವಾಣಿಯ ಸಜ್ಜನರೊಬ್ಬರು ಫೋನಿನಲ್ಲಿ ಸಿಕ್ಕಿ, ಹಳೆಯ ಡೇಟಾ ಫೋಲ್ಡರೊಂದು ಹಾಗೇ ಉಳಿದಿದೆ, ಬರೀ ಕಸ, ಅಳಿಸಿಬಿಡಿ ಎಂದರು. ಹೆದರಿ ಹಣ್ಣಾಗಿದ್ದ ನಾನು ಅಳಿಸಲು ಹೊರಟೆ. ಆಗ ಮೂವತ್ತು ವರ್ಷಗಳಿಂದ ನಮ್ಮಲ್ಲಿ ಹಾಳೆ ಜೋಡಿಸುವ ನೆದ್ಯಾಲ್ಕ ಅಕ್ಕ ಎದ್ದು ಬಂದು ಮೌಸಿನ ಮೇಲೆ ತಮ್ಮ ಹೆಣಿಗೆಯ ಚೀಲವಿಟ್ಟು, ಈ ಸರ್ವರ್ ಯಾವತ್ತು ಹೋಯಿತೆಂದು ಕೇಳಿದರು. ಮಂಗಳವಾರ ಎಂದೆ. ಸತ್ತವರ ಕೋಟುಬೂಟನ್ನು ನಲವತ್ತು ದಿನವಾಗುವ ತನಕ ನಮ್ಮಲ್ಲಿ ಯಾರೂ ಮನೆಯಿಂದ ಹೊರಹಾಕುವುದಿಲ್ಲ. ಆ ನಿಯಮವನ್ನು ಅವರು ಆ ಸರ್ವರ್‌ಗೂ ಅನ್ವಯಿಸಿದರು.

“ಮಂಗಳವಾರ ಹೋದವರ ಸಾಮಾನಿಗೆ ಗುರುವಾರ ಕೈ ಹಾಕ್ತೀಯೇನೋ ಸ್ಪಾಸ್?”

ಇದು ಮನುಷ್ಯನಲ್ಲ, ಬರೀ ಮಿಷಿನ್ನು ಎಂದು ನಾನು ತಿಳಿಹೇಳಿದೆ.

“ಮಿಷಿನ್ನೇ ಇರ್ಲಿ. ಒಳಗಿರೋರು ಯಾರು, ಕೋಳಿಗಳಾ?”

ಅವರ ಬಾಯಿ ಮುಚ್ಚಿಸಲೆಂದು ಮಾತ್ರ, ತೀರಿಕೊಂಡವರ ಬಟ್ಟೆಯನ್ನು ಹಿಂದಿನ ಕೋಣೆಗೆ ಸರಿಸಿಡುವ ಹಾಗೆ, ಆ ಫೋಲ್ಡರನ್ನು ಅಳಿಸದೆ ಬೇರೆ ಡ್ರೈವಿಗೆ ಸರಿಸಿಟ್ಟೆ. ಜಾಗ ಖಾಲಿ ಕಂಡದ್ದೇ ತಡ, ತಾವು ಹದಿನೈದನೆಯ ಪ್ರಯತ್ನದಲ್ಲಿ ನೂರು ಮುಟ್ಟಿದಿರಿ. ಆದರೆ ಒಳಗೆ ಒಂದು ಮುಖವೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ತಮ್ಮನ್ನು ನಿಲ್ಲಿಸಿ, ಹಳೆಯ ಫೋಲ್ಡರನ್ನು ಅದರ ಸ್ಥಾನಕ್ಕೆ ತಂದಿಟ್ಟು, ಮತ್ತೆ ಎಬ್ಬಿಸಿದೆವು. ಹನ್ನೊಂದು ಸಾವಿರವೂ ಬಂದವು. ತಮ್ಮವರು ಕಸವೆಂದದ್ದು ನಮ್ಮ ಇಡೀ ಊರಾಗಿತ್ತು.

ಮಧ್ಯಾಹ್ನ ತ್ಸೋನ ಅಜ್ಜಿಯ ಕೈಗೆ ಹಾಳೆಗಳನ್ನು ಕೊಟ್ಟೆ. ತಡವಾದದ್ದಕ್ಕೆ ತಮ್ಮ ಪರವಾಗಿ ನಾನೇ ಕ್ಷಮೆ ಕೇಳಿ, ಹದಿನೈದು ಸಲ ಪ್ರಯತ್ನಿಸಬೇಕಾಯಿತೆಂದು ಹೇಳಿದೆ. ಅವರು ನಗುವ ಮುಖದ ಮೇಲೆ ಬೆರಳಾಡಿಸಿದರು.

“ಇವ್ರು ಯಾವತ್ತು ಒಂದು ಸಲ ಕರೆದ್ರೆ ಬಂದೋರು?” ಎಂದರು.

ತಮ್ಮ ಹದಿನಾಲ್ಕೂ ವೈಫಲ್ಯಗಳನ್ನು ಆ ಮಾತಿಗಾಗಿ ಮನ್ನಿಸಿದ,

ತಮ್ಮ ವಿಶ್ವಾಸಿ,
ಸ್ಪಾಸ್ ಗೆರ್ಗಿನೊವ್

ತಾ.ಕ.: ತಮಗೆ ಎಷ್ಟು ನಕ್ಷತ್ರ ಕೊಡುತ್ತೇವೆಂದು ಪರದೆಯ ಮೇಲೆ ಕೇಳುತ್ತಿದ್ದೀರಿ. ನೆದ್ಯಾಲ್ಕ ಅಕ್ಕ ಅದಕ್ಕಿಂತ ದೊಡ್ಡ ಗೌರವವನ್ನೇ ಸಿದ್ಧಪಡಿಸಿದ್ದಾರೆ: ಕಪ್ಪು ಅಂಚಿನ ಹಾಳೆ, ನಡುವೆ ತಮ್ಮ ಭಾವಚಿತ್ರ, ಕೆಳಗೆ ‘ಅಗಲಿಕೆಯ ದುಃಖ ತಡೆಯಲಾಗದ ಮುದ್ರಣಾಲಯದ ಬಳಗ’. ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ಮುಂದಿನ ಅಪ್‌ಡೇಟ್ ಯಾವಾಗ ಎಂದು ದಯವಿಟ್ಟು ತಿಳಿಸುವುದು.