ಕಂಪ್ಯೂಟರಿಗೊಂದು ಮುಖ ಹುಡುಕಿದ್ದು

ಅಂಗಡಿಯವನು ಎರಡು ಬಗೆಯ ಚಹಾಪುಡಿ ಮುಂದಿಟ್ಟರೆ ನಾನು ಎರಡನ್ನೂ ಮೂಸಿ ನೋಡಿ, ಕೊನೆಗೆ ಸಕ್ಕರೆ ತೆಗೆದುಕೊಂಡು ಮನೆಗೆ ಬರುವ ಮನುಷ್ಯ. ಇಂಥವನ ಕೈಗೆ ಲಿನಕ್ಸ್ ಸಿಗಬಾರದಿತ್ತು. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಶಾಂತಾ ಲಗ್ನಪತ್ರಿಕೆ ಮಾಡಿಕೊಡುತ್ತಾಳೆ. ಅವಳ ಹಳೆಯ ಕಂಪ್ಯೂಟರ್ ಕುಂಟತೊಡಗಿದಾಗ ಗೆಳೆಯನೊಬ್ಬನ ಮಾತು ಕೇಳಿ, ಅದನ್ನು ನಡೆಸುವ ಮೂಲ ತಂತ್ರಾಂಶ ತೆಗೆದು ಲಿನಕ್ಸ್ ಹಾಕಿದೆ. ಯಂತ್ರ ಚುರುಕಾಯಿತು, ನನ್ನ ನೆಮ್ಮದಿ ಕೆಟ್ಟಿತು. ಯಾಕೆಂದರೆ ಅದರಲ್ಲಿ ಪರದೆಯ ಮುಖವನ್ನೂ, ಅಂದರೆ ಮೆನು ಎಲ್ಲಿರಬೇಕು, ಪಟ್ಟಿ ಎಲ್ಲಿರಬೇಕು ಎಂಬುದನ್ನೂ ನಾವೇ ಆರಿಸಿಕೊಳ್ಳಬಹುದು. ಅಂಥ ಮುಖಗಳ ಹೆಸರೇ ಕೆಡಿಇ, ಸಿನಮನ್, ಮಾಟೆ, ಗ್ನೋಮ್, ಎಕ್ಸ್‌ಎಫ್‌ಸಿಇ. ಭಾನುವಾರಕ್ಕೊಂದು ಹಾಕುತ್ತ, ತೆಗೆಯುತ್ತ ಬಂದೆ. ಒಂದರಲ್ಲಿ ಅಂದ ಜಾಸ್ತಿ, ಇನ್ನೊಂದರಲ್ಲಿ ವೇಗ ಜಾಸ್ತಿ. "ಏನರೆ ಮಾಡ್ಕೋರಿ, ನನ್ನ ಕೆಲಸ ನಿಂದರಬಾರದು" ಎಂದಷ್ಟೇ ಶಾಂತಾ ಹೇಳಿದ್ದಳು.

ಗ್ನೋಮ್ ಹಾಕಿದ ಮರುದಿನವೇ ಅವಳ ಕೆಲಸ ನಿಂತಿತು. ದೊಡವಾಡದ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆಗಾಗಿ ಬಂದು ಕುಳಿತಿದ್ದರು. ಮೊದಲ ಪತ್ರಿಕೆಯನ್ನು ಅಂದೇ ಮುರಗೋಡದ ಮಠಕ್ಕೆ ಮುಟ್ಟಿಸಬೇಕು, ಆಮೇಲೆಯೇ ಬೀಗರಿಗೂ ನೆಂಟರಿಗೂ ಹಂಚುವುದು. ಶಾಂತಾ ನನ್ನ ಕಚೇರಿಗೆ ಫೋನ್ ಮಾಡಿದಳು.

"ಮೆನು ಕಾಣವಲ್ದರಿ."

"ಎಡಕ್ಕ ಮ್ಯಾಲಿನ ಮೂಲ್ಯಾಗ ಒತ್ತು."

"ಒತ್ತಿದ್ನಿ. ತಗದಿದ್ದೆಲ್ಲಾ ಸಣ್ಣಾಗಿ ಹಿಂದ ಸರೀತು. ಹಿರ್ಯಾರು ಬಸ್ಸಿನ ಹೊತ್ತ ಕೇಳಾಕ ಹತ್ಯಾರ. ನೀವ ಬರ್ರಿ."

ಹೊಟ್ಟೆನೋವೆಂದು ಸಾಹೇಬರಿಗೆ ಹೇಳಿ ಓಡಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ನನ್ನ ಚಟದಿಂದ ಒಂದು ಮನೆಯ ಶುಭಕಾರ್ಯ ತಡವಾಯಿತೆಂದರೆ ಶಾಂತಾಳ ಹತ್ತಿರ ಮತ್ತೆ ಯಾರು ಪತ್ರಿಕೆ ಮಾಡಿಸುತ್ತಾರೆ? ಹೋಗಿ ನೋಡಿದರೆ ಅವಳು ಪರದೆಯ ಕೆಳಗಿನ ಎಡಮೂಲೆಯನ್ನೇ ಒತ್ತುತ್ತಿದ್ದಾಳೆ. ಮಾನಿಟರಿನ ಚೌಕಟ್ಟಿನ ಮೇಲೆ ಅಲ್ಲೇ ಒಂದು ಕುಂಕುಮದ ಬೊಟ್ಟು. ದಸರೆಯಲ್ಲಿ ದುಡಿಮೆಯ ಸಲಕರಣೆಗಳಿಗೆ ಮಾಡುವ ಖಂಡೆ ಪೂಜೆಯ ದಿನ ಮೆನುವಿನ ಬದಿಗೇ ಹಚ್ಚಿ, ಅಂದಿನಿಂದ ಅದನ್ನೇ ಗುರುತು ಮಾಡಿಕೊಂಡಿದ್ದಾಳೆ. ಇಷ್ಟು ದಿನ ನಾನು ಹಾಕಿದ್ದರಲ್ಲೆಲ್ಲ ಮೆನು ಅಲ್ಲೇ ಇತ್ತು.

ಅವಳು ಮೊದಲೇ ಮಾಡಿಟ್ಟಿದ್ದ ಪತ್ರಿಕೆ ಹುಡುಕಿ ತೆರೆದು ಮುದ್ರಿಸಿಕೊಟ್ಟೆ. ಹಿರಿಯರು ಅದನ್ನು ಕಣ್ಣಿಗೆ ಒತ್ತಿಕೊಂಡರು. ನನಗೆ ಹೋದ ಉಸಿರು ಬಂತು, ಉಸಿರು ಬಂದ ಕೂಡಲೇ ಬುದ್ಧಿ ಮತ್ತೆ ಹಳೆಯ ದಾರಿ ಹಿಡಿಯಿತು. "ಈ ಕುಂಕುಮ ಒರಸಿ ಮ್ಯಾಲಿನ ಮೂಲಿಗೆ ಹಚ್ಚಿದ್ರಾತಲ್ಲ?" ಎಂದೆ.

ಹಿರಿಯರು ಚೀಲ ಕೆಳಗಿಟ್ಟು ಹೇಳಿದರು: "ಪೂಜಿ ಕುಂಕುಮ ಒರಸ್ತಾರೇನ್ರಿ? ನಿಮ್ಮ ಮೆನೂನ ಈ ಕಡಿ ತರ್ರಿ."

ಈ ಕಡೆಗೇ ತಂದೆ. ಎಕ್ಸ್‌ಎಫ್‌ಸಿಇ ಹಾಕಿ, ಮೆನುವನ್ನು ಕುಂಕುಮದ ನೇರಕ್ಕೆ ಕೂರಿಸಿದೆ. ಎರಡು ತಿಂಗಳು ನನ್ನ ತಲೆ ತಿಂದ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯಿತು. ಹಿರಿಯರಿಗೆ ಬಸ್ಸೂ ಸಿಕ್ಕಿತು. ಸಂಜೆ ಶಾಂತಾ ನನ್ನೆದುರಿಗೇ, ಕೀಲಿಮಣೆಗೆ ಸೆರಗು ಮುಚ್ಚಿ, ಹೊಸದೇನಾದರೂ ಹಾಕುವಾಗ ಕಂಪ್ಯೂಟರ್ ಕೇಳುವ ಪಾಸ್‌ವರ್ಡ್ ಬದಲಿಸಿದಳು. ಸಿಟ್ಟು ಬರಬೇಕಿತ್ತು, ಮನಸ್ಸು ಹಗುರವಾಯಿತು. ಆ ಹೊಸ ಪಾಸ್‌ವರ್ಡ್ ಏನೆಂದು ಇವತ್ತಿಗೂ ಕೇಳಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಅಂಜಿಕೆ.