ಹೊಕ್ಕುಳಿಗೆ ಎಂತ ಸಹ ಹಚ್ಚಲಿಕ್ಕಿಲ್ಲ

ನರ್ಸ್ ಕೆಲಸದಲ್ಲಿ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ಯೂನಿಫಾರ್ಮ್ ಹಾಕಿಕೊಂಡು ನಗುವ ಹಾಗಿಲ್ಲ, ಅದೊಂದೇ ಕಷ್ಟ. ಈಗ ನಿವೃತ್ತಳಾಗಿದ್ದೇನೆ, ಧಾರಾಳವಾಗಿ ನಗಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಮಣಿಪಾಲದಲ್ಲಿ ತರಬೇತಿ ಮುಗಿಸಿ ಬಂದವಳ ತಲೆಯಲ್ಲಿ ಒಂದೇ ಮಾತು: ರೋಗಿಗೆ ಏನು ಮಾಡಿದರೂ ಅದರಿಂದ ಉಪಯೋಗ ಉಂಟು ಎನ್ನುವುದಕ್ಕೆ ಪುರಾವೆ ಬೇಕು. ನಮ್ಮ ಇನ್‌ಚಾರ್ಜ್ ಸಿಸ್ಟರಿಗೆ ಇಪ್ಪತ್ತು ವರ್ಷ ಸರ್ವಿಸು. "ಪುರಾವೆ ಎಂತಕ್ಕೆ? ನಾನಿಲ್ವಾ?" ಎಂದರು.

೧. ಮೊಟ್ಟೆಯ ಬಿಳಿ

ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾದವರಿಗೆ ಆಗೆಲ್ಲ ಮೊಟ್ಟೆಯ ಬಿಳಿ ಹಚ್ಚುತ್ತಿದ್ದರು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಒಬ್ಬ ಅಜ್ಜನಿಗೆ ಅದನ್ನು ನಿಲ್ಲಿಸಿ, ಹುಣ್ಣನ್ನು ಸಲೈನಿನಲ್ಲಿ ತೊಳೆದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ಹುಣ್ಣು ಮಾಯಿತು. ಡಾಕ್ಟರು ಭೇಷ್ ಎಂದರು. ಆಯಾ ಮಾತ್ರ ಮುಖ ಊದಿಸಿಕೊಂಡಿದ್ದಳು. ಇಷ್ಟು ವರ್ಷ ಉಳಿದ ಹಳದಿಯೆಲ್ಲ ಅವಳ ಆಮ್ಲೆಟ್ಟಿಗೆ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ಮುಂದಿನ ರೋಗಿ ಬಂದಾಗ ಮೆಲ್ಲ ಕೇಳಿದಳು: "ಸಿಸ್ಟರ್, ಇವರಿಗೊಬ್ಬರಿಗಾದರೂ ಹಳೇ ಪದ್ಧತಿ ಮಾಡುವಾ?"

೨. ಏನೂ ಮಾಡದ ವಿದ್ಯೆ

ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಗೆ ನಾವು ಸ್ಪಿರಿಟ್ ಹಚ್ಚಿ ಪೌಡರ್ ಉದುರಿಸುತ್ತಿದ್ದೆವು. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಬೇಡ, ಶುಚಿಯಾಗಿಟ್ಟು ಒಣಗಲು ಬಿಟ್ಟರೆ ಸಾಕು ಎಂದು ನಾನು ಓದಿ ಬಂದಿದ್ದೆ. ಡಾಕ್ಟರು ಒಪ್ಪಿದರು. ಇನ್‌ಚಾರ್ಜ್ ಸಿಸ್ಟರ್ ಕರೆದು, "ಒಂದು ತಿಂಗಳು ನೋಡುವಾ. ಒಂದೇ ಒಂದು ಹೊಕ್ಕುಳು ಕೀವಾದರೂ ಪೌಡರ್ ಡಬ್ಬಿ ವಾಪಸ್ ಬರ್ತದೆ. ಮತ್ತೆ ನಿನ್ನ ಪುರಾವೆಯ ಸುದ್ದಿ ಈ ವಾರ್ಡಿನಲ್ಲಿ ಎತ್ತಲಿಕ್ಕಿಲ್ಲ" ಎಂದರು.

ಮೊದಲ ದಿನವೇ ಬ್ಯಾರಿ ಮುಸ್ಲಿಮರ ಮನೆಯ ಅಜ್ಜಿಯೊಬ್ಬರು, ಮೊಮ್ಮಗಳ ಹೊಕ್ಕುಳಿಗೆ ಎಂತ ಹಚ್ಚುತ್ತೀರಿ ಎಂದು ಕೇಳಿದರು.

"ಎಂತ ಸಹ ಹಚ್ಚಲಿಕ್ಕಿಲ್ಲ" ಎಂದೆ.

"ಅದನ್ನು ಕಲೀಲಿಕ್ಕೆ ಮಣಿಪಾಲಕ್ಕೆ ಹೋದದ್ದಾ? ನಮ್ಮ ಮನೆಯಲ್ಲಿ ಎಂತ ಸಹ ಮಾಡದವರು ನಾಲ್ಕು ಜನ ಇದ್ದಾರೆ. ಒಬ್ಬರೂ ಶಾಲೆಗೆ ಹೋಗಿಲ್ಲ!"

೩. ಮುಖದರ್ಶನ

ದಿನಾ ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಕನ್ನಡಕ ಏರಿಸಿ ಎಲ್ಲ ತೊಟ್ಟಿಲುಗಳಿಗೂ ಬಗ್ಗುತ್ತಿದ್ದರು. ಹಿಂದೆ ನಾನು, ಕೈಯಲ್ಲಿ ರಿಜಿಸ್ಟರು. ಮನೆಗೆ ಹೋದ ಮಕ್ಕಳನ್ನೂ ವಾರಕ್ಕೆ ಕರೆಸಿ ನೋಡುತ್ತಿದ್ದೆವು. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಒಬ್ಬ ತಂದೆ ಮೂರು ದಿನ ಸುಮ್ಮನೆ ನೋಡಿದ. ನಾಲ್ಕನೇ ದಿನ ತಡೆಯಲಾಗಲಿಲ್ಲ.

"ಬಂದೋರೆಲ್ಲಾ ಹೊಕ್ಕಳಾನ ನೋಡ್ತೀರಲ್ರೀ ಸಿಸ್ಟರ್, ಕೂಸಿನ ಮಾರೀನೂ ಒಂದೀಟು ನೋಡ್ರಿ. ಥೇಟ್ ನನ್ನಂಗ ಐತಿ!"

೪. ಅಳಿಯನ ಅಂಗಿ

ತಿಂಗಳು ಮುಗಿಯಲು ಎರಡೇ ದಿನ ಇತ್ತು. ಒಂದು ಹೊಕ್ಕುಳೂ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಇನ್‌ಚಾರ್ಜ್ ಸಿಸ್ಟರ ಮಗಳೇ ನಮ್ಮ ವಾರ್ಡಿನಲ್ಲಿ ಹೆತ್ತಳು. ಮಗಳ ಅತ್ತೆ ಕಾರ್ಕಳದಿಂದ ಒಂದು ಎಣ್ಣೆಯ ಬಾಟಲಿ ಹಿಡಿದುಕೊಂಡೇ ಬಂದರು, ಹೊಕ್ಕುಳಿಗೆ ಹಚ್ಚಲು. ಬೀಗಿತ್ತಿಯ ಮಾತು ತೆಗೆದುಹಾಕುವುದು ಹೇಗೆ? ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಎಂತ ಸಹ ಹಚ್ಚಲಿಕ್ಕಿಲ್ಲ" ಎಂದರು ಇನ್‌ಚಾರ್ಜ್ ಸಿಸ್ಟರ್.

ಬೀಗಿತ್ತಿಗೆ ಸಿಟ್ಟು ಬಂತು. ನಿಟ್ಟೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿಸುವ ಮಗನನ್ನು ಮುಂದಕ್ಕೆ ದೂಡಿ, "ಇವನಿಗೆ ಹಚ್ಚಿದ್ದು ಇದೇ ಎಣ್ಣೆ. ಅಂಗಿ ಎತ್ತು ಮಾರಾಯ, ತೋರಿಸು!" ಎಂದರು. ಪಾಪ, ಅವರು ಎತ್ತಿದರು. ಸುತ್ತ ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು ಸೀಲಿಂಗ್ ನೋಡತೊಡಗಿದರು.

ಇನ್‌ಚಾರ್ಜ್ ಸಿಸ್ಟರ್ ಕನ್ನಡಕ ಏರಿಸಿ, ಬಗ್ಗಿ, ಎಲ್ಲ ಮಕ್ಕಳದ್ದನ್ನು ನೋಡುವ ಹಾಗೆಯೇ ನೋಡಿದರು. "ಚಂದ ಉಂಟು. ಆದರೆ ಒಂದು ಹೊಕ್ಕುಳು ನೋಡಿ ಎಂತ ಸಹ ಹೇಳ್ಲಿಕ್ಕಾಗುವುದಿಲ್ಲ. ನಾವು ಒಂದು ತಿಂಗಳು ಇಲ್ಲಿ ಹುಟ್ಟಿದ ಎಲ್ಲ ಮಕ್ಕಳದ್ದೂ ನೋಡಿ ಬರೆದಿಟ್ಟಿದ್ದೇವೆ" ಎಂದು ನನ್ನ ಕೈಯಿಂದ ರಿಜಿಸ್ಟರು ತೆಗೆದುಕೊಂಡು ಬೀಗಿತ್ತಿಗೆ ಪುಟ ಪುಟ ತಿರುವಿ ವಿವರಿಸಿದರು. ನಾನು ಮಣಿಪಾಲದಲ್ಲಿ ಕಲಿತದ್ದಕ್ಕಿಂತ ಚೆನ್ನಾಗಿತ್ತು ಆ ಪಾಠ. ಬೀಗಿತ್ತಿ ಕೊನೆಗೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು.

"ಇನ್ನು ಈ ವಾರ್ಡಿನಲ್ಲಿ ಪೌಡರ್ ಡಬ್ಬಿ ಬೇಡ, ಬರ್ಕೋ" ಎಂದರು ಇನ್‌ಚಾರ್ಜ್ ಸಿಸ್ಟರ್ ನನಗೆ.

ಆಗ ಹಿಂದಿನಿಂದ ಸಣ್ಣ ಸ್ವರ ಕೇಳಿಸಿತು: "ಅತ್ತೆ, ನೋಡಿ ಆಯಿತಾದರೆ ನಾನು ಅಂಗಿ ಇಳಿಸ್ಲಾ?"