ವಿಮಾನ ಹತ್ತದವನ ವಿಮಾನಗಳು

ಇನ್ನು ಮೇಲೆ ವಯಸ್ಸಿಗೆ ತಕ್ಕ ಹಾಗೆ ಗಂಭೀರವಾಗಿ ಇರಬೇಕು ಅಂತ ನಾನು ತೀರ್ಮಾನ ಮಾಡಿದ ವಾರವೇ ನಮ್ಮ ಮನೆಗೆ ಯಾರಾದರೂ ಬರುತ್ತಾರೆ, ನಡುಮನೆಯ ಶೋಕೇಸ್ ಮುಂದೆ ನಿಲ್ಲುತ್ತಾರೆ, ಏನಾದರೂ ಒಂದು ಮಾತು ಅಂದುಬಿಡುತ್ತಾರೆ. ಅಲ್ಲಿಗೆ ನನ್ನ ಗಾಂಭೀರ್ಯ ಮುಗಿಯಿತು.

ಶೋಕೇಸಿನಲ್ಲಿ ಇರುವುದು ವಿಮಾನಗಳು. ಲೋಹದಲ್ಲಿ ಎರಕ ಹೊಯ್ದ, ನಿಜವಾದ ವಿಮಾನದ ನಾನೂರರಲ್ಲಿ ಒಂದು ಪಾಲು ಅಳತೆಯ ಮಾದರಿಗಳು. ದೊಡ್ಡ ಜಂಬೋ ಕೂಡ ಒಂದು ಗೇಣು ದಾಟುವುದಿಲ್ಲ. ಆದರೆ ಬಾಗಿಲಿನ ಗೆರೆ, ಕಿಟಕಿಯ ಸಾಲು, ತಿರುಗುವ ಪುಟ್ಟ ಚಕ್ರ, ಎಲ್ಲವೂ ಇರುತ್ತವೆ. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ಮನೆ ಬಸವೇಶ್ವರನಗರದಲ್ಲಿ. ಜಗತ್ತಿನ ಯಾವ ಊರಿನ ಹೆಸರು ಹೇಳಿದರೂ ಭೂಪಟದಲ್ಲಿ ಬೆರಳಿಟ್ಟು ತೋರಿಸಬಲ್ಲೆ. ಆದರೆ ಈ ಕಥೆಗಳೆಲ್ಲ ನಡೆಯುವ ಹೊತ್ತಿಗೆ ನಾನು ಒಂದು ಸಲವೂ ವಿಮಾನ ಹತ್ತಿರಲಿಲ್ಲ. ನಮ್ಮ ನೆಂಟರಿಷ್ಟರೆಲ್ಲ ಅರಸೀಕೆರೆ, ತಿಪಟೂರು ಅಂತ ಪ್ಯಾಸೆಂಜರ್ ರೈಲಿಗೆ ಸಿಗುವ ದೂರದಲ್ಲೇ ಇದ್ದರು. ವಿಮಾನದಲ್ಲಿ ಹೋಗಿ ನೋಡಬೇಕಾದ ನೆಂಟ ಒಬ್ಬನೂ ಇರಲಿಲ್ಲ.

ಬೀದಿಗೆಲ್ಲ ಕೇಳಿಸಿದ ಪಾರ್ಸೆಲ್

ಮೊದಮೊದಲು ನಮ್ಮೂರಿನ ಅಂಗಡಿಗಳಲ್ಲಿ ಇಂಥ ಮಾದರಿಗಳು ಸಿಗುವುದು ಅಪರೂಪವಾಗಿತ್ತು. ಹೀಗಾಗಿ ಇಂಟರ್ನೆಟ್ಟಿನಲ್ಲಿ ಪರಿಚಯವಾದ ಪರದೇಶದ ಒಬ್ಬ ಸಂಗ್ರಾಹಕ ತನ್ನಲ್ಲಿ ಎರಡೆರಡು ಇದ್ದದ್ದರಲ್ಲಿ ಒಂದನ್ನು ಅಂಚೆಯಲ್ಲಿ ಕಳಿಸಿದ. ಪೆಟ್ಟಿಗೆಯ ಮೇಲೆ ಒಳಗೇನಿದೆ ಅಂತ ಬರೆಯಲೇಬೇಕಲ್ಲ, ಪ್ರಾಮಾಣಿಕವಾಗಿ ಬರೆದಿದ್ದ: ವಿಮಾನ, ಒಂದು.

ನಮ್ಮ ಪೋಸ್ಟ್‌ಮ್ಯಾನ್‌ಗೆ ಗೇಟು ತೆಗೆದು ಒಳಗೆ ಬರುವ ಅಭ್ಯಾಸ ಇಲ್ಲ. ಸೈಕಲ್ ಮೇಲೆ ಕೂತೇ ಕೂಗಿದ. "ಸಾರ್! ನಿಮ್ಮ ವಿಮಾನ ಬಂದಿದೆ, ಬಂದು ಸೈನ್ ಮಾಡಿ!"

ತರಕಾರಿ ಗಾಡಿಯ ಸುತ್ತ ಇದ್ದ ನಾಲ್ಕು ಜನ ತಿರುಗಿ ನೋಡಿದರು. ನಾನು ಓಡಿಹೋಗಿ ಸಹಿ ಹಾಕಿ, ಪೆಟ್ಟಿಗೆಯನ್ನು ಲುಂಗಿಯ ಮರೆಯಲ್ಲಿ ತಂದೆ. ಸಂಜೆ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಮೇಲೆ ಕೈಯಿಟ್ಟು ಬಹಳ ವಿಶ್ವಾಸದಿಂದ ಕೇಳಿದರು.

"ವಿಮಾನ ಬಂತಂತಲ್ಲ ಮೇಷ್ಟ್ರೇ, ಯಾವಾಗ ಹೊರಡೋದು? ನೀವೇನೂ ಯೋಚ್ನೆ ಮಾಡ್ಬೇಡಿ, ಹಾಲಿನ ಪ್ಯಾಕೆಟ್ ನಾವು ಎತ್ತಿಟ್ಕೋತೀವಿ."

ಕಿಟಕಿ ಪಕ್ಕ

ಆ ಕಾಲಕ್ಕೆ ಇಂಟರ್ನೆಟ್ಟಿನಲ್ಲಿ ಬೆಂಗಳೂರಿನ ವಿಮಾನಪ್ರಿಯರದೇ ಒಂದು ಗುಂಪು ಶುರುವಾಯಿತು. ಮೊದಲು ಸೈಬರ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ ಕೂತು, ಆಮೇಲೆ ಮನೆಗೇ ಕಂಪ್ಯೂಟರ್ ತಂದು ನಾನು ಅದರಲ್ಲಿ ಮುಳುಗಿದೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನಾನು 'ರನ್‌ವೇ ಮೇಷ್ಟ್ರು'. ಇನ್ನೊಬ್ಬ 'ಸ್ಕೈ ಕಿಂಗ್'. ಎಲ್ಲರಿಗಿಂತ ಹಿರಿಯರು 'ಕ್ಯಾಪ್ಟನ್'. ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಹವ್ಯಾಸದ ಮಾತೆತ್ತಿದರೆ ಗಣಿತದ ಮೇಷ್ಟ್ರು ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ಈ ಗುಂಪಿನಲ್ಲಿ ರೆಕ್ಕೆಯ ತುದಿ ಎಷ್ಟು ಬಾಗಿರಬೇಕು ಅಂತ ವಾರಗಟ್ಟಲೆ ಜಗಳ ಆಡುವವರು ಸಿಕ್ಕಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ದಿನ ಯಾರೋ ಕೇಳಿದರು, ನೀವೆಲ್ಲ ಕೂರುವುದು ಕಿಟಕಿ ಪಕ್ಕವೋ, ಓಡಾಡುವ ದಾರಿ ಪಕ್ಕವೋ ಅಂತ. ಸಟಸಟ ಉತ್ತರಗಳು ಬಂದವು. ನಾನೂ 'ಕಿಟಕಿ ಪಕ್ಕ' ಅಂತ ಬರೆದುಬಿಟ್ಟೆ. ಬಸ್ಸಿನಲ್ಲಿ ನಾನು ಕೂರುವುದು ಅಲ್ಲೇ, ಹಾಗಾಗಿ ಪೂರ್ತಿ ಸುಳ್ಳೇನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಒಂದು ಸಲ ಕಿಟಕಿ ಪಕ್ಕ ಕೂತವನು ಆಮೇಲೆ ಎದ್ದು ಬರುವುದು ಕಷ್ಟ. ಬೇರೆಯವರ ಪ್ರವಾಸದ ವರದಿಗಳನ್ನು ಓದಿ ಓದಿ ನಾನು ಎಷ್ಟು ಪಳಗಿದೆನೆಂದರೆ, ಹೊಸಬರಿಗೆ ಸಲಹೆ ಕೊಡುವ ಕೆಲಸವನ್ನು ಗುಂಪು ನನಗೇ ವಹಿಸಿತು. ನನಗೆ ಒಳಗೊಳಗೇ ನಾಚಿಕೆ. ನಿಜ ಹೇಳಿದರೆ ಇರುವ ಈ ನಾಲ್ಕು ಜನ ಗೆಳೆಯರೂ ಹೋಗುತ್ತಾರೆ ಅನ್ನುವ ಭಯ ಅದಕ್ಕಿಂತ ದೊಡ್ಡದು.

ಮೊದಲ ಸಲ ಪ್ರಯಾಣ ಮಾಡುವ ಒಬ್ಬರು ಕೇಳಿದರು, ಮೇಲೇರುವಾಗ ಕಿವಿ ಕಟ್ಟಿಕೊಂಡರೆ ಏನು ಮಾಡಬೇಕು ಅಂತ. ನಾನು ಅರ್ಧ ಪುಟ ಉತ್ತರ ಬರೆದೆ. ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಳ್ಳಿ, ಎಂಜಲು ನುಂಗುತ್ತಿರಿ, ಆಕಳಿಸಿ, 'ನನ್ನ ಅನುಭವದಲ್ಲಿ ಐದು ನಿಮಿಷಕ್ಕೆ ಸರಿಹೋಗುತ್ತದೆ'.

ಹಿಂದೆ ಕಾಫಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಪೂರ್ತಿ ಓದಿ ಕೇಳಿದಳು. "ರೀ, ಇದು ನಂದಿಬೆಟ್ಟದ ಬಸ್ಸಲ್ಲಿ ಆಗಿದ್ದಲ್ವಾ?"

ಕೆಂಪು ಚುಕ್ಕೆ

ನಮ್ಮ ಮನೆಯಲ್ಲಿ ಆಯುಧಪೂಜೆಯಿಂದ ಯಾವುದೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಗ್ಲೋಬು, ಎಲ್ಲಕ್ಕೂ ಅರಿಶಿನ ಕುಂಕುಮ. ಆ ವರ್ಷ ಶಾಲೆಯ ಪೂಜೆ ಮುಗಿಸಿ ಮನೆಗೆ ಬಂದು ನೋಡುತ್ತೇನೆ, ಶೋಕೇಸಿನ ಬಾಗಿಲು ತೆಗೆದಿದೆ. ಇಪ್ಪತ್ತಮೂರು ವಿಮಾನಗಳ ಮೂಗಿನ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಜಂಬೋ ಒಂದಕ್ಕೆ ಮಾತ್ರ, ದೊಡ್ಡದು ಅನ್ನುವ ಗೌರವಕ್ಕೆ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣಿನ ಹೋಳು.

"ವಾಹನ ತಾನೇ?" ಅಂದಳು ನನ್ನ ಹೆಂಡತಿ.

ವಾಹನವೇ. ಏನು ಹೇಳಲಿ? ಬಟ್ಟೆ ಒದ್ದೆ ಮಾಡಿ ಒರೆಸಿದೆ. ಇಪ್ಪತ್ತೆರಡರಲ್ಲಿ ಹೋಯಿತು, ಬಿಳಿ ಬಣ್ಣದ ಒಂದರಲ್ಲಿ ಕೆಂಪು ಹಾಗೇ ಕೂತುಬಿಟ್ಟಿತು. ಎರಡು ದಿನ ನಾನು ಮಾತು ಕಮ್ಮಿ ಮಾಡಿದೆ. ಅವಳು ಅದನ್ನು ಗಮನಿಸಲಿಲ್ಲ ಅನ್ನುವುದು ಇನ್ನೊಂದು ನೋವು.

ಒಂದು ತಿಂಗಳ ಮೇಲೆ ನನ್ನ ಸಂಗ್ರಹದ ಚಿತ್ರ ತೆಗೆದು ಇಂಟರ್ನೆಟ್ಟಿಗೆ ಹಾಕಿದೆ. ಮರುದಿನವೇ ಪಾರ್ಸೆಲ್ ಕಳಿಸಿದ್ದ ಆ ಪರದೇಶದವನ ಪತ್ರ. ಮೂಗಿನ ಮೇಲೆ ಕೆಂಪು ಚುಕ್ಕೆ ಇರುವ ಆವೃತ್ತಿ ನನ್ನ ಯಾವ ಪಟ್ಟಿಯಲ್ಲೂ ಇಲ್ಲ, ಕಂಪನಿಯವರು ಇಂಥವು ಎಷ್ಟು ತಯಾರಿಸಿದ್ದಾರೆ, ಅದಕ್ಕೆ ಬದಲಾಗಿ ನನ್ನ ಎರಡು ವಿಮಾನ ಕೊಡುತ್ತೇನೆ, ದಯವಿಟ್ಟು ಇಲ್ಲ ಅನ್ನಬೇಡ ಅಂತ.

ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಅಂದಳು. "ಅಷ್ಟಕ್ಕೆ ಅವರು ಎರಡು ವಿಮಾನ ಯಾಕೆ ಕಳ್ಕೋಬೇಕು? ಇಲ್ಲಿಗೆ ಕಳಿಸೋಕೆ ಹೇಳಿ, ಮುಂದಿನ ಹಬ್ಬಕ್ಕೆ ಹಚ್ಚಿ ವಾಪಸ್ ಕೊಡೋಣ."

ಬಸ್ಸಿನಲ್ಲಿ ಬಗ್ಗಿದ ಇಬ್ಬರು

ಮಲ್ಲತ್ತಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ವಿಜಯನಗರದಿಂದ ಬಸ್ಸು ಹಿಡಿದು ನಿಂತುಕೊಂಡೇ ಹೊರಟಿದ್ದೆ. ನಾಗರಭಾವಿ ಹತ್ತಿರ ತಲೆಯ ಮೇಲೆ ವಿಮಾನದ ಸದ್ದು. ನನ್ನ ಸೊಂಟ ತಾನಾಗಿಯೇ ಬಗ್ಗಿತು, ಕಿಟಕಿಯಿಂದ ಆಕಾಶ ನೋಡಬೇಕಲ್ಲ. ಬಸ್ಸು ತುಂಬಾ ಜನ ಇದ್ದರೂ ನನ್ನ ಹಾಗೆ ಬಗ್ಗಿದವರು ಇನ್ನೊಬ್ಬರೇ. ದಪ್ಪ ಫ್ರೇಮಿನ ಕನ್ನಡಕ, ಕೈಯಲ್ಲಿ ಟಿಫನ್ ಚೀಲ.

ಕಂಡಕ್ಟರ್ ದೂರದಿಂದಲೇ ನೋಡಿಬಿಟ್ಟ. "ಏನ್ ಸಾರ್, ಇಬ್ರೂ ಹಂಗೆ ಬಗ್ಗಿದ್ರೆ ನಂಗೆ ಕಾಣಲ್ವಾ? ಟಿಕೆಟ್ ತಗೊಳ್ಳಿ!"

ಇಬ್ಬರೂ ನೆಟ್ಟಗೆ ನಿಂತು ಟಿಕೆಟ್ ತೋರಿಸಿದೆವು. ಕಂಡಕ್ಟರ್ ನಂಬದೆ ಎರಡನ್ನೂ ತಿರುಗಿಸಿ ನೋಡಿದ. ಅವನು ಹೋದ ಮೇಲೆ ಆ ಮನುಷ್ಯರು ನನಗೆ ಮೆಲ್ಲಗೆ ಅಂದರು. "ನಾಕ್ ಎಂಜಿನ್ನಿಂದು ಇತ್ತಲ್ರೀ."

"ಎರಡೇ ಸಾರ್."

"ಬಾಲ ನೋಡ್ರೀ ಸರ, ಬಾಲ! ಬರೇ ಎಂಜಿನ್ ಎಣಿಸಿದ್ರ ಏನ್ ತಿಳೀತದ?"

'ಬಾಲ ನೋಡಿ' ಅನ್ನುವ ಮಾತಿನಿಂದಲೇ ಗುಂಪಿನಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವನು ಒಬ್ಬನೇ. ನಾನು ಅನುಮಾನದಿಂದಲೇ ಕೇಳಿದೆ. "ನೀವು... ಸ್ಕೈ ಕಿಂಗಾ?"

ಸ್ಕೈ ಕಿಂಗ್ ಅಂದರೆ ಮೂವತ್ತು ದೇಶ ಸುತ್ತಿದ, ಸೂಟು ಹಾಕಿದ ಮನುಷ್ಯ ಅಂತ ನಾನು ಕಲ್ಪಿಸಿಕೊಂಡಿದ್ದೆ. ಇವರು ಗದಗದ ಕಡೆಯಿಂದ ಬಂದು ವಿಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಗೃಹಪ್ರವೇಶ ಮರೆತು ಕೊನೇ ಸ್ಟಾಪಿನವರೆಗೆ ಮಾತಾಡಿದೆವು. ಚಕ್ರ, ಬಣ್ಣ, ಬಾಲ, ಎಲ್ಲ ಬಂತು. ಯಾವ ಊರಿಗೆ ಹೋಗಿದ್ದಿರಿ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಬದುಕಿದೆ ಅಂದುಕೊಂಡೆ. ಇಳಿಯುವಾಗ ಅದೇ ಕಂಡಕ್ಟರ್ ಅಂದ. "ಟಿಕೆಟ್ ಇಟ್ಕೊಂಡು ಬಗ್ಗೋರನ್ನ ಇವತ್ತೇ ನೋಡಿದ್ದು ಸಾರ್."

ಗೊಂಬೆ ನೋಡಲು ಬಂದವರು

ಮುಂದಿನ ದಸರೆಗೆ ನನ್ನ ಹೆಂಡತಿ ಗೊಂಬೆ ಕೂರಿಸಿದಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಅಕ್ಕಿ ಬೇಳೆ ಮುಂದಿಟ್ಟುಕೊಂಡ ಸೆಟ್ಟಿ ಸೆಟ್ಟಮ್ಮ, ಅದರ ಕೆಳಗೆ ರಾಗಿ ಪೈರಿನ ನಡುವೆ ಅವಳೇ ಮಾಡಿದ ವಿಮಾನ ನಿಲ್ದಾಣ, ಅದರಲ್ಲಿ ಸಾಲಾಗಿ ನನ್ನ ವಿಮಾನಗಳು. ಬಸ್ಸಿನ ಭೇಟಿಯಿಂದ ಧೈರ್ಯ ಬಂದಿದ್ದ ನಾನು ಅದರ ಚಿತ್ರವನ್ನು ಗುಂಪಿಗೆ ಹಾಕಿದೆ. ಕ್ಯಾಪ್ಟನ್ ಬರೆದರು: ಭಾನುವಾರ ಬರುತ್ತೇನೆ. ಸ್ಕೈ ಕಿಂಗ್ ಬರೆದರು: ನಾನೂ.

ಭಾನುವಾರ ಬೆಳಿಗ್ಗೆಯಿಂದ ನಾನು ಗೇಟಿಗೂ ನಡುಮನೆಗೂ ಓಡಾಡುತ್ತಿದ್ದೆ. ಬಸ್ಸಿನಲ್ಲಿ ನಿಂತು ಬಾಲದ ಬಗ್ಗೆ ಮಾತಾಡಿದ ಹಾಗಲ್ಲ ಇದು. ಕೂತು ಕಾಫಿ ಕುಡಿಯುವವರು ಎಲ್ಲೆಲ್ಲಿ ಹೋಗಿದ್ದಿರಿ ಅಂತ ಕೇಳಿಯೇ ಕೇಳುತ್ತಾರೆ. ಹೆಂಡತಿ ಮೊದಲೇ ಎಚ್ಚರಿಸಿದ್ದಳು. "ಸುಳ್ಳು ಹೇಳೋದಾದ್ರೆ ನನ್ನ ಕಡೆ ನೋಡ್ಬೇಡಿ, ನಂಗೆ ನಗು ತಡೆಯಕ್ಕಾಗಲ್ಲ."

ಕ್ಯಾಪ್ಟನ್ ಕೆಂಗೇರಿಯಿಂದ ಬಂದರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಮೀಸೆ. ರೇಷ್ಮೆ ಇಲಾಖೆಯಲ್ಲಿ ನಿವೃತ್ತರಂತೆ. ಹುಳು ಸಾಕಿಸುತ್ತಿದ್ದವರು ಕ್ಯಾಪ್ಟನ್ ಹೇಗಾದರು ಅಂತ ನಾನು ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಮೂವರೂ ಚಕ್ಕುಲಿ ಹಿಡಿದು ವಿಮಾನ ನಿಲ್ದಾಣದ ಮುಂದೆ ಕೂತೆವು. ಆ ಹೊತ್ತಿಗೆ ಎದುರು ಮನೆಗೆ ಹೊಸದಾಗಿ ಬಂದಿದ್ದ ದಾವಣಗೆರೆ ಕಡೆಯ ಕುಟುಂಬದ ಅಜ್ಜಿ ಗೊಂಬೆ ನೋಡಲು ಬಂದರು. ಹಣೆ ತುಂಬಾ ವಿಭೂತಿ. ಒಂದೊಂದೇ ಮೆಟ್ಟಿಲು ನೋಡಿ ಮುಗಿಸಿ ನಮ್ಮ ಕಡೆ ತಿರುಗಿದರು.

"ಇಷ್ಟೆಲ್ಲ ವಿಮಾನ ಇಟ್ಕೊಂಡಿದೀರಲ್ಲಪ್ಪ, ನೀವೆಲ್ಲ ಎಷ್ಟೆಷ್ಟು ಸಲ ಹೋಗಿ ಬಂದೀರಿ?"

ನಾನು ಹೆಂಡತಿಯ ಕಡೆ ನೋಡಬಾರದಿತ್ತು, ನೋಡಿದೆ. ಅವಳು ನಗಲಿಲ್ಲ. ಸುಮ್ಮನೆ ಹೇಳಿಬಿಡಿ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು.

"ನಾನು ಒಂದು ಸಲನೂ ಹೋಗಿಲ್ಲ ಅಜ್ಜಿ," ಅಂದೆ. "ಈ ಗುಂಪಲ್ಲಿ ಬರೆದಿದ್ದೆಲ್ಲ ಸುಳ್ಳು. ಕ್ಷಮಿಸಿ ಸಾರ್." ಕೊನೆಯ ಮಾತು ಕ್ಯಾಪ್ಟನ್‌ಗೆ. ಇಬ್ಬರೂ ಈಗ ಎದ್ದು ಹೋಗುತ್ತಾರೆ ಅಂತಲೇ ಅಂದುಕೊಂಡೆ.

ಸ್ಕೈ ಕಿಂಗ್ ಚಕ್ಕುಲಿಯನ್ನು ತಟ್ಟೆಗೆ ಇಟ್ಟರು. "ನಾನೂ ಹೋಗಿಲ್ರೀ. ಅಂಗಡಿ ಬಾಗಲಾ ಮುಚ್ಚಿದ್ರ ತಾನ ಹೋಗೂದು."

ಇಬ್ಬರೂ ಕ್ಯಾಪ್ಟನ್ ಕಡೆ ತಿರುಗಿದೆವು. ಅವರು ಮೀಸೆ ಸವರಿಕೊಂಡರು. "ನಾನು ಹತ್ತಿದೀನಿ," ಅಂದರು. "ವೈಮಾನಿಕ ಪ್ರದರ್ಶನದಲ್ಲಿ ನಿಲ್ಲಿಸಿದ್ರಲ್ಲ, ಆ ವಿಮಾನ. ಹಿಂದಿನ ಬಾಗಿಲಲ್ಲಿ ಹತ್ತಿಸಿ ಮುಂದಿನ ಬಾಗಿಲಲ್ಲಿ ಇಳಿಸಿದ್ರು."

ಮೂವರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಎದೆಯ ಮೇಲಿಂದ ಏನೋ ಇಳಿದು ಹೋಯಿತು. ಇಷ್ಟು ವರ್ಷ ನಾನು ಯಾರಿಗೆ ಹೆದರುತ್ತಿದ್ದೆನೋ ಅವರು ನನಗೆ ಹೆದರುತ್ತಿದ್ದರು.

ಅಜ್ಜಿ ಮಾತ್ರ ನಗಲಿಲ್ಲ. "ನಾನು ಹೋಗಿದೀನಪ್ಪ," ಅಂದರು. "ಕಾಶಿ ಮುಗಿಸಿ ದಿಲ್ಲಿಗೆ ಬಂದಾಗ ಮಂಡಿ ಹಿಡ್ಕೊಂಡ್ಬಿಡ್ತು. ಅಳಿಯ ವಿಮಾನದಾಗ ಕರ್ಕೊಂಡ್ ಬಂದ."

ನಗು ನಿಂತಿತು. ಮೂವರೂ ಅಜ್ಜಿಯ ಕುರ್ಚಿಯ ಸುತ್ತ ನೆಲದ ಮೇಲೆ ಕೂತೆವು. ಯಾವ ವಿಮಾನ? ಎಂಜಿನ್ ಎಷ್ಟು? ಬಾಲ ಯಾವ ಬಣ್ಣ? ಅಜ್ಜಿಗೆ ಒಂದೂ ಗೊತ್ತಿಲ್ಲ.

"ಗಾಲಿ ಕುರ್ಚಿ ಮೇಲೆ ಕೂರ್ಸಿ ಒಂದು ಗವಿಯಂಥ ದಾರಿಯಾಗ ತಳ್ಕೊಂಡ್ ಹೋದ್ರು. ಮುಂದ್ ಕೂತೋನ ಬುರುಡೆ ಬಿಟ್ಟು ಬೇರೇನೂ ಕಾಣಲಿಲ್ಲ, ಅದು ಮೇಲೇಳ್ತಿದ್ದಂಗೆ ಹೆದ್ರಿ ಕಣ್ಣು ಮುಚ್ಕೊಂಡ್ಬಿಟ್ಟೆ. ಇಳಿಯೋವಾಗ ಮೆಟ್ಲು ನೋಡ್ಕೊಂಡು ಇಳಿದೆ, ಹಿಂದಕ್ಕೆ ತಿರುಗಿ ನೋಡೋಕೆ ಪುರುಸೊತ್ತೆಲ್ಲಿ?"

ಸಾಲಿಗೆ ಎಷ್ಟು ಸೀಟು, ಬಾಗಿಲಿಂದ ಎಷ್ಟು ದೂರ ಹೋದಿರಿ, ಸದ್ದು ಎಲ್ಲಿಂದ ಬರುತ್ತಿತ್ತು ಅಂತ ಬಿಡದೆ ಕೇಳಿ ಕೇಳಿ, ಎರಡು ಎಂಜಿನ್ನಿನ ವಿಮಾನ, ರೆಕ್ಕೆಯ ಹಿಂದಿನ ಮೂರನೇ ಸಾಲು ಅಂತ ಮೂವರೂ ಸೇರಿ ಲೆಕ್ಕ ಹಾಕಿದೆವು. ಅಂಥದೇ ಒಂದು ವಿಮಾನವನ್ನು ಕ್ಯಾಪ್ಟನ್ ನಿಲ್ದಾಣದಿಂದ ಎತ್ತಿ ಅಜ್ಜಿಯ ಅಂಗೈ ಮೇಲೆ ಇಟ್ಟರು. ಸ್ಕೈ ಕಿಂಗ್ ಜೇಬಿನಿಂದ ಭೂತಗನ್ನಡಿ ತೆಗೆದು ಹಿಡಿದರು. ನಾನು ಊದುಬತ್ತಿಯ ಕಡ್ಡಿಯಿಂದ ಕಿಟಕಿ ತೋರಿಸಿದೆ. "ಇಲ್ಲಿ ಅಜ್ಜಿ. ನೀವು ಕೂತಿದ್ದು ಇಲ್ಲಿ."

ಅಜ್ಜಿ ಬಹಳ ಹೊತ್ತು ನೋಡಿದರು. ಮೂಗಿನಿಂದ ಬಾಲದವರೆಗೆ, ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ. ಆಮೇಲೆ ಗಲ್ಲದ ಮೇಲೆ ಬೆರಳಿಟ್ಟುಕೊಂಡರು.

"ಶಿವನೇ, ನಾನು ಇದ್ರಾಗಾ ಬಂದಿದ್ದು? ಇಷ್ಟು ಚಂದ ಐತೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಕಣ್ಣು ಬಿಟ್ಕೊಂಡೇ ಬರ್ತಿದ್ದೆ!"